ಧೂಪದ ಕಡ್ಡಿ ಅರ್ಧಕ್ಕೇ ಆರುತ್ತದೆಯೇ? ಸುಡುವ ಪುಡಿ ಮೊದಲು, ಪರಿಮಳ ಆಮೇಲೆ

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಒಂದು ಹಳ್ಳಿ. ಅಂಗಡಿಯ ಊದಿನಕಡ್ಡಿ ಹಚ್ಚಿದರೆ ಅತ್ತೆಯವರಿಗೆ ಕೆಮ್ಮು ಶುರುವಾಗುತ್ತದೆ. ಅದಕ್ಕೇ ಮನೆಯಲ್ಲೇ ಧೂಪದ ಕಡ್ಡಿ ಮಾಡಿದೆ. ಒಂದು ಬಟ್ಟಲು ಸಗಣಿ ಪುಡಿ, ಒಂದು ಬಟ್ಟಲು ರಾಳಧೂಪದ ಪುಡಿ, ನಾಲ್ಕು ಚಮಚ ತುಪ್ಪ, ಸ್ವಲ್ಪ ಜೇನುತುಪ್ಪ, ದೇವರ ಮೇಲಿನ ಒಣ ಹೂವು, ಪೇಟೆಯಿಂದ ತಂದ ಮಲ್ಲಿಗೆ ಎಣ್ಣೆ ಹಾಕಿದ್ದೆ. ಹಚ್ಚಿದರೆ ಅರ್ಧಕ್ಕೇ ಆರುತ್ತದೆ. ಕೆಲವು ಬಿರುಕು ಬಿಟ್ಟವು. ಮಳೆ ಹಿಡಿದ ಮೇಲೆ ಉಳಿದವಕ್ಕೆ ಬೂಷ್ಟು ಬಂತು. ಅಂಟಿಗೆ ಅಂತ ಊದಿನಕಡ್ಡಿಯವರು ಬಳಸುವ ಜಿಗಟು ಪುಡಿ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ, ಅದು ಎಲ್ಲಿ ಸಿಗುತ್ತದೆ? ಬಿದಿರಿನ ಕಡ್ಡಿಯನ್ನು ದೇವರ ಮುಂದೆ ಸುಡಬಾರದು ಅನ್ನುವುದು ನಿಜವೇ? ಚೌತಿಗೆ ಮನೆಯದ್ದೇ ಧೂಪ ಆಗಬೇಕು ಅಂತ ಆಸೆ.

ಉತ್ತರ: ಸಗಣಿ ಪುಡಿ ಎಷ್ಟೋ ರಾಳವನ್ನೂ ಅಷ್ಟೇ ಹಾಕಿದ್ದೀರಿ. ಕಡ್ಡಿ ಆರುವುದಕ್ಕೆ ದೊಡ್ಡ ಕಾರಣ ಅದು. ಎರಡನೆಯದು ತುಪ್ಪ. ಮೂರನೆಯದು, ಒಳಗಿನವರೆಗೆ ಒಣಗಿಲ್ಲ. ಜಿಗಟು ಪುಡಿ ಇಲ್ಲದ್ದು ಇದಕ್ಕೆ ಕಾರಣವೇ ಅಲ್ಲ. ದಯವಿಟ್ಟು ಅದನ್ನು ಹುಡುಕಿಕೊಂಡು ಹೋಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಧೂಪದ ಕಡ್ಡಿ ಜ್ವಾಲೆ ಎದ್ದು ಉರಿಯುವುದಿಲ್ಲ. ತುದಿ ಕೆಂಪಗಾಗಿ, ಆ ಬಿಸಿ ಪಕ್ಕದ ಪುಡಿಗೆ ಹತ್ತಿ, ಹಾಗೇ ನಿಧಾನ ಕೆಳಗೆ ಇಳಿಯುತ್ತದೆ. ಒಣ ಸಗಣಿಯಲ್ಲಿ ದನ ತಿಂದ ಹುಲ್ಲಿನ ಸಣ್ಣ ನಾರು ಇರುತ್ತದೆ. ನಾರಿನ ಸಂದಿಯಲ್ಲಿ ಗಾಳಿ ಇರುತ್ತದೆ. ಅದಕ್ಕೇ ಬೆರಣಿ ಒಮ್ಮೆ ಹಿಡಿದರೆ ಬೂದಿಯಾಗುವ ತನಕ ಬಿಡುವುದಿಲ್ಲ. ರಾಳ ಹಾಗಲ್ಲ. ಅದು ಮೊದಲು ಕರಗುತ್ತದೆ, ಆ ಸಂದಿಗಳನ್ನೆಲ್ಲ ಮುಚ್ಚುತ್ತದೆ. ಕರಗುವುದಕ್ಕೆ ಬೇಕಾದ ಬಿಸಿಯನ್ನೂ ಪಕ್ಕದ ಪುಡಿಯಿಂದಲೇ ಎಳೆದುಕೊಳ್ಳುತ್ತದೆ. ತುಪ್ಪ ಜಾಸ್ತಿಯಾದರೂ ಇದೇ ಕಥೆ. ಆರಿದ ಕಡ್ಡಿಯ ತುದಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಪ್ಪಗೆ, ಹೊಳೆಯುವ ಡಾಂಬರಿನಂಥ ಪೊರೆ ಕಂಡರೆ ಅದು ಕರಗಿ ಹೆಪ್ಪುಗಟ್ಟಿದ ರಾಳ.

ಹಾಗಂತ ರಾಳ ಬೇಡವೇ? ಬೇಕು. ಆದರೆ ಅದರ ಜಾಗ ಬೇರೆ. ಧೂಪಾರತಿಯ ಕೆಂಡದ ಮೇಲೆ ಬರೀ ರಾಳವನ್ನೇ ಹಾಕಬಹುದು, ಸುಡುವ ಕೆಲಸ ಕೆಂಡದ್ದು. ಕಡ್ಡಿಯಲ್ಲಾದರೆ ಕಡ್ಡಿಯೇ ಕೆಂಡ ಆಗಬೇಕು. ಇದೊಂದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ.

ಬಟ್ಟಲಿನ ಲೆಕ್ಕ ಬಿಡಿ, ತಕ್ಕಡಿ ತೆಗೆದುಕೊಳ್ಳಿ. ಸಗಣಿ ಪುಡಿ ಹಗುರ, ರಾಳದ ಪುಡಿ ಭಾರ. ಬಟ್ಟಲಲ್ಲಿ ಸಮ ಕಂಡರೂ ತೂಕದಲ್ಲಿ ರಾಳವೇ ಜಾಸ್ತಿ ಆಗಿರುತ್ತದೆ. ಒಣ ಪುಡಿ ಒಟ್ಟು 100 ಗ್ರಾಂ ಅಂತ ಇಟ್ಟುಕೊಂಡರೆ ಸಗಣಿ ಪುಡಿ 55 ಗ್ರಾಂ, ತೆಂಗಿನ ಗರಟೆಯ ಇದ್ದಿಲ ಪುಡಿ 10 ಗ್ರಾಂ, ಪರಿಮಳದ ಬೇರು, ಎಲೆ, ಹೂವಿನ ಪುಡಿ 25 ಗ್ರಾಂ, ರಾಳ 10 ಗ್ರಾಂ. ರಾಳವನ್ನು 15ರ ಮೇಲೆ ಒಯ್ಯಬೇಡಿ. ತುಪ್ಪ ಶಾಸ್ತ್ರಕ್ಕೆ ಬೇಕೇ ಬೇಕು ಅನ್ನಿಸಿದರೆ ಅರ್ಧ ಚಮಚ ಸಾಕು. ಜೇನುತುಪ್ಪ, ಬೆಲ್ಲ ಎರಡೂ ಬೇಡ. ನಮ್ಮ ಕರಾವಳಿಯ ಗಾಳಿಯಲ್ಲಿ ಅವು ತೇವ ಎಳೆಯುತ್ತವೆ. ನಿಮ್ಮ ಕಡ್ಡಿಗೆ ಬೂಷ್ಟು ಬಂದಿದ್ದಕ್ಕೆ ಅರ್ಧ ಪಾಲು ಜೇನುತುಪ್ಪದ್ದೇ.

ಎಲ್ಲ ಬೆರೆಸುವ ಮೊದಲು ಒಂದು ಪರೀಕ್ಷೆ ಮಾಡಿ. ಬರೀ ಸಗಣಿ ಪುಡಿ, ಇದ್ದಿಲು ಸೇರಿಸಿ ಎರಡು ಕಡ್ಡಿ ಹೊಸೆದು, ಒಣಗಿಸಿ, ಹಚ್ಚಿ. ತುದಿಯಿಂದ ಬುಡದವರೆಗೆ ಆರದೆ ಬೂದಿಯಾದರೆ ಮಾತ್ರ ಪರಿಮಳದ ಪುಡಿ ಸೇರಿಸಿ. ಆಮೇಲೆ ಕಡ್ಡಿ ಆರಿದರೆ, ತಪ್ಪು ನೀವು ಸೇರಿಸಿದ ಪುಡಿಯಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಪುಡಿ ಎಷ್ಟು ನಯವೋ ಅಷ್ಟು ಒಳ್ಳೆಯದು. ಹಿಟ್ಟಿನ ಜರಡಿ ಸಾಲದು, ಹಳೆಯ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಒಂದು ಎಲೆಯ ನರ ಉಳಿದರೂ ಒಣಗುವಾಗ ಕಡ್ಡಿ ಅಲ್ಲೇ ಸೀಳುತ್ತದೆ. ರಾಳವನ್ನು ಸುಮ್ನೆ ಮಿಕ್ಸಿಗೆ ಹಾಕಿದರೆ ಬಿಸಿಗೆ ಮೆತ್ತಗಾಗಿ ಬ್ಲೇಡಿಗೆ ಅಂಟುತ್ತದೆ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಸ್ವಲ್ಪ ಇದ್ದಿಲ ಪುಡಿಯ ಜೊತೆ ಕುಟ್ಟಿ. ಕುಟ್ಟಾಣಿಯಲ್ಲಿ ಕುಟ್ಟಿದರೆ ಇನ್ನೂ ಸಲೀಸು.

ಇನ್ನು ಪರಿಮಳದ ವಿಷಯ. ನಿಮ್ಮ ಊರಿನವರಿಗೆ ಇದರಲ್ಲಿ ಒಂದು ಭಾಗ್ಯ ಇದೆ, ಸುರಗಿ. ಬಹಳಷ್ಟು ಹೂವು ಒಣಗಿದ ಮೇಲೆ ಪರಿಮಳ ಕಳೆದುಕೊಳ್ಳುತ್ತವೆ. ಭಟ್ಕಳದ ಮಲ್ಲಿಗೆಯನ್ನೇ ತಂದು ಒಣಗಿಸಿ ಸುಟ್ಟು ನೋಡಿ, ಒಣಹುಲ್ಲು ಸುಟ್ಟ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಸಂಪಿಗೆಯೂ ಹಾಗೇ. ಸೇವಂತಿಗೆ, ಅಬ್ಬಲಿಗೆ, ಚೆಂಡುಹೂವಂತೂ ಬರೀ ತೂಕಕ್ಕೆ. ಸುರಗಿ ಹಾಗಲ್ಲ. ಚಳಿ ಹೋಗಿ ಸೆಕೆ ಶುರುವಾಗುವ ಹೊತ್ತಿಗೆ ಕೊಂಬೆಗೇ ಅಂಟಿಕೊಂಡಂತೆ ಮೊಗ್ಗು ಬರುತ್ತದಲ್ಲ, ಅದನ್ನು ಅರಳುವ ಮೊದಲೇ ಬಿಡಿಸಿ ನೆರಳಲ್ಲಿ ಒಣಗಿಸಬೇಕು. ಬಣ್ಣ ಕಂದಿ ಕಂದು ಆಗುತ್ತದೆ, ಪರಿಮಳ ಮಾತ್ರ ಹೋಗುವುದಿಲ್ಲ. ಒಣ ದಂಡೆಯನ್ನು ತಿಂಗಳುಗಟ್ಟಲೆ ಇಟ್ಟರೂ ಮೂಗಿಗೆ ಬರುತ್ತದೆ. ಬಕುಳವೂ ಇದೇ ಜಾತಿಯ ಗುಣದ್ದು. ಬೆಳಿಗ್ಗೆ ಮರದ ಬುಡದಲ್ಲಿ ಬಿದ್ದದ್ದನ್ನು ಆರಿಸಿದರೆ ಸಾಕು, ಕೊಯ್ಯುವ ಕೆಲಸವೂ ಇಲ್ಲ. 100 ಗ್ರಾಂ ಮಿಶ್ರಣಕ್ಕೆ ಸುರಗಿ, ಬಕುಳ ಸೇರಿ 8ರಿಂದ 10 ಗ್ರಾಂ ಇದ್ದರೆ ಕೋಣೆಯಲ್ಲಿ ಗೊತ್ತಾಗುತ್ತದೆ.

ಹೂವಿಗಿಂತ ಬೇರು ಗಟ್ಟಿ. ಗದ್ದೆಯಲ್ಲಿ, ಅಂಗಳದಲ್ಲಿ ಕಳೆ ಅಂತ ಕಿತ್ತು ಎಸೆಯುವ ಕೊನ್ನಾರಿ ಗಡ್ಡೆ ಇದೆಯಲ್ಲ, ಭದ್ರಮುಷ್ಟಿ ಅಂತಲೂ ಕರೆಯುತ್ತಾರೆ, ಅದು ಧೂಪಕ್ಕೆ ಬಹಳ ಒಳ್ಳೆಯದು. ಕಪ್ಪು ಸಿಪ್ಪೆಯ, ಕಡಲೆಗಿಂತ ಸ್ವಲ್ಪ ದೊಡ್ಡ ಗಡ್ಡೆ. ಮೇಲಿನ ಕೂದಲಿನಂಥ ಬೇರು ಸವರಿ, ತೊಳೆದು, ಕತ್ತರಿಸಿ ಒಣಗಿಸಿ. ಕತ್ತರಿಸುವಾಗಲೇ ಕೈಗೆ ಕರ್ಪೂರ ಬೆರೆತಂಥ ಮಣ್ಣಿನ ವಾಸನೆ ಹತ್ತುತ್ತದೆ. ಲಾವಂಚದ ಬೇರು ಇದ್ದರೆ ಅದನ್ನೂ ಸೇರಿಸಿ. ಲಾವಂಚಕ್ಕೆ ನಾರು ಜಾಸ್ತಿ, ಹಾಗಾಗಿ ಕತ್ತರಿಯಿಂದ ಸಣ್ಣಗೆ ತುಂಡರಿಸಿ, ಚೆನ್ನಾಗಿ ಒಣಗಿಸಿಯೇ ಪುಡಿ ಮಾಡಬೇಕು. ಒಣಗಿದ ತುಳಸಿ ಗಿಡದ ಬಲಿತ ಕಡ್ಡಿ, ದಾಲ್ಚಿನ್ನಿ ಎಲೆ, ಏಲಕ್ಕಿ ಸುಲಿದ ಸಿಪ್ಪೆ, ಇವೆಲ್ಲ ನಮ್ಮ ಮನೆಗಳಲ್ಲಿ ಹೇಗೂ ಇರುತ್ತವೆ. ಲವಂಗ, ದಾಲ್ಚಿನ್ನಿ ಚಕ್ಕೆ ಮಾತ್ರ 2 ಗ್ರಾಂ ದಾಟಬಾರದು. ಅವುಗಳ ಹೊಗೆ ಗಂಟಲಿಗೆ ಚುಚ್ಚುತ್ತದೆ, ನಿಮ್ಮ ಅತ್ತೆಯವರಿಗಂತೂ ಬೇಡವೇ ಬೇಡ.

ಪೇಟೆಯ ಮಲ್ಲಿಗೆ ಎಣ್ಣೆಯನ್ನು ಬಿಟ್ಟುಬಿಡಿ. ನಿಜವಾದ ಮಲ್ಲಿಗೆ ತೈಲಕ್ಕೆ ಬಹಳ ಬೆಲೆ. ಸಣ್ಣ ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಕಾರ್ಖಾನೆಯ ಸುಗಂಧ. ಅಂಗಡಿಯ ಊದಿನಕಡ್ಡಿಯಿಂದ ತಪ್ಪಿಸಿಕೊಳ್ಳಬೇಕು ಅಂತ ಹೊರಟು ಅದನ್ನೇ ಮತ್ತೆ ಮನೆಗೆ ತಂದ ಹಾಗಾಯಿತು. ಅಗ್ಗದ ಊದಿನಕಡ್ಡಿ ಮಾಡುವ ರೀತಿ ಗೊತ್ತಲ್ವಾ? ಬಿದಿರು ಕಡ್ಡಿಗೆ ಇದ್ದಿಲು, ಮರದ ಹೊಟ್ಟು, ಜಿಗಟು ಹಚ್ಚಿ ಒಣಗಿಸುತ್ತಾರೆ. ಆಮೇಲೆ ಸುಗಂಧವನ್ನು ಡೈಇಥೈಲ್ ಥ್ಯಾಲೇಟ್ ಅನ್ನುವ ದ್ರವದಲ್ಲಿ ತೆಳು ಮಾಡಿ, ಅದರಲ್ಲಿ ಅದ್ದಿ ತೆಗೆಯುತ್ತಾರೆ. ಹಚ್ಚಿದಾಗ ಇದಿಷ್ಟೂ ಹೊಗೆಯಾಗುತ್ತದೆ.

ರಾಳದ ಬಗ್ಗೆ ಎರಡು ಮಾತು. ನಮ್ಮ ಕಾಡಿನಲ್ಲಿ ಧೂಪ ಕೊಡುವ ಮರ ಮುಖ್ಯವಾಗಿ ಎರಡು. ಸಾಲುಧೂಪದ ಮರದ್ದು ಬಿಳಿ, ತಿಳಿ ಹಳದಿ ರಾಳ. ರಾಳಧೂಪದ ಮರದ್ದು ಕಪ್ಪು, ಅದಕ್ಕೇ ಕರಿಧೂಪ ಅಂತಲೂ ಹೆಸರು. ಕೊಳ್ಳುವಾಗ ಒಂದು ಚೂರನ್ನು ಕೆಂಡದ ಮೇಲೆ ಹಾಕಿ ನೋಡಿ. ಟರ್ಪೆಂಟೈನ್ ವಾಸನೆ ಬಂದರೆ ಅದು ಪೈನ್ ಮರದ ರಾಳ, ವಾಪಸ್ ಕೊಡಿ. ಮರದಿಂದ ನೀವೇ ತೆಗೆಯುವುದಾದರೆ ತಾನಾಗಿ ಒಸರಿ ಗಟ್ಟಿಯಾದದ್ದನ್ನು ಮಾತ್ರ ತೆಗೆಯಿರಿ. ಜಾಸ್ತಿ ರಾಳ ಸುರಿಯಲಿ ಅಂತ ಬುಡಕ್ಕೆ ಕಚ್ಚು ಹಾಕಿ ಬೆಂಕಿ ಕೊಟ್ಟು ಎಷ್ಟೋ ಮರಗಳನ್ನು ಕೊಂದಿದ್ದಾರೆ. ಅರಣ್ಯದ ಮರಕ್ಕೆ ಕತ್ತಿ ಹಾಕುವುದು ಅಪರಾಧವೂ ಹೌದು. ಹಾಲುಮಡ್ಡಿ ಅನ್ನುವ ಮರದ ಅಂಟು ಸಿಕ್ಕರೂ ಕಡ್ಡಿಗೆ ಹಾಕಬೇಡಿ. ಪರಿಮಳ ಚೆಂದ, ಆದರೆ ಗಾಳಿಯ ತೇವ ಕುಡಿದು ಕಡ್ಡಿಯನ್ನು ಮೆತ್ತಗೆ ಮಾಡುತ್ತದೆ. ಕುಮಟಾದ ಮಳೆಗೆ ಅದು ಹೇಳಿದ್ದಲ್ಲ.

ಹತ್ತು ಸಾಮಗ್ರಿ ಸೇರಿಸುವ ದಶಾಂಗ ಧೂಪದ ಪಟ್ಟಿ ಹಿಡಿದು ಜಟಾಮಾಂಸಿ, ಗುಗ್ಗುಳ ಎಲ್ಲಿ ಸಿಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಆ ಪಟ್ಟಿ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ ಬೇರೆ. ಜಟಾಮಾಂಸಿ ಹಿಮಾಲಯದ್ದು, ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣ ನೆಲದ್ದು. ಎರಡೂ ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿವೆ. ಪೂಜೆಯಲ್ಲಿ ಧೂಪ ತೋರಿಸುವಾಗ ‘ವನಸ್ಪತಿ ರಸೋದ್ಭೂತ’ ಅಂತ ಹೇಳುತ್ತೇವೆ. ನಮ್ಮ ಹಿತ್ತಲಿನ ಬೇರು, ಹೂವು, ನಮ್ಮ ಕಾಡಿನ ರಾಳ ಅದಕ್ಕೆ ಧಾರಾಳ ಸಾಕು. ಶ್ರೀಗಂಧವೂ ಅಷ್ಟೇ. 2001ರ ತಿದ್ದುಪಡಿಯಿಂದ ನಮ್ಮ ಜಮೀನಿನ ಗಂಧದ ಮರ ನಮ್ಮದೇ, ಆದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮನೆಯಲ್ಲಿ ತೇಯುವ ಕೊರಡಿದ್ದರೆ ಗಂಧ ತೇಯ್ದು ದೇವರಿಗೆ ಹಚ್ಚಿ, ಸುಡುವುದು ಬೇಡ.

ಈಗ ಜಿಗಟು. ಅದು ಹೆಚ್ಚಾಗಿ ಗುಳಮಾವಿನಂಥ ಮರಗಳ ತೊಗಟೆಯ ಪುಡಿ. ಒದ್ದೆಯಾದರೆ ಅಂಟು, ಒಣಗಿದರೆ ಚೆನ್ನಾಗಿ ಸುಡುತ್ತದೆ. ಊದಿನಕಡ್ಡಿ ಉದ್ಯಮಕ್ಕೆ ಅದು ಇಷ್ಟವಾಗಲು ಇದೇ ಕಾರಣ. ಹೊರದೇಶದಿಂದಲೂ ತರಿಸುತ್ತಾರೆ. ಮರದ ಆಹಾರ ಎಲೆಯಿಂದ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ತೊಗಟೆ ಸುಲಿದರೆ ಬೇರಿಗೆ ಅನ್ನ ಹೋಗುವುದಿಲ್ಲ, ಮರ ನಿಂತಲ್ಲೇ ಒಣಗುತ್ತದೆ. ಪಶ್ಚಿಮ ಘಟ್ಟದಲ್ಲಿ ಗುಳಮಾವು ಹೀಗೇ ಕಡಿಮೆಯಾಯಿತು. ತಂಪಾದ ಹಳ್ಳದ ಬದಿಯಲ್ಲಿ, ದೊಡ್ಡ ನೆರಳು ಕೊಟ್ಟು ನಿಂತ ಮರ ಅದು. ಬುಡದಿಂದ ಆಳೆತ್ತರದವರೆಗೆ ಸುಲಿಸಿಕೊಂಡು, ಮೇಲೆ ಎಲೆ ಉದುರಿ ನಿಂತ ಗುಳಮಾವನ್ನು ಒಮ್ಮೆ ನೋಡಿದವರಿಗೆ ಆ ಪುಡಿ ಕೈಯಲ್ಲಿ ಹಿಡಿಯಲು ಮನಸ್ಸು ಬರುವುದಿಲ್ಲ. ನಿಮ್ಮ ಕಡೆ ಬೆಟ್ಟದಲ್ಲಿ ಒಂದು ಗುಳಮಾವು ಇದ್ದರೆ ಅದನ್ನು ಕಾಪಾಡಿ.

ಅಂಟಿಗೆ ನಮ್ಮ ಹತ್ತಿರ ಬೇರೆ ದಾರಿ ಇದೆ. ತಲೆಸ್ನಾನಕ್ಕೆ ಗೊಂಪು ಮಾಡುತ್ತೇವಲ್ಲ, ದಾಸವಾಳದ ಎಲೆ ಅಥವಾ ಮತ್ತಿ ಸೊಪ್ಪು ಕಿವುಚಿ, ಅದೇ ಲೋಳೆ ಸಾಕು. ಎರಡು ಹಿಡಿ ದಾಸವಾಳದ ಎಲೆಯನ್ನು ಒಂದು ಲೋಟ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಬೆರಳಿಂದ ಎತ್ತಿದರೆ ನೂಲಿನ ಹಾಗೆ ಇಳಿಯಬೇಕು. ಇದನ್ನು ಚೂರು ಚೂರೇ ಹಾಕಿ ಕಲಸಿ. ಸಗಣಿ ಪುಡಿಯ ಬದಲು ಮೂರರಲ್ಲಿ ಒಂದು ಪಾಲು ಹಸಿ ಸಗಣಿಯನ್ನೇ ಹಾಕಿದರೆ ಅದೂ ಹಿಡಿದುಕೊಳ್ಳುತ್ತದೆ. ಆಗ ಲೋಳೆ ಕಡಿಮೆ ಸಾಕು. ಹಿಟ್ಟು ರೊಟ್ಟಿಯ ಹಿಟ್ಟಿಗಿಂತ ಗಟ್ಟಿ ಇರಲಿ. ನೀರು ಜಾಸ್ತಿಯಾದಷ್ಟೂ ಒಣಗುವಾಗ ಕುಗ್ಗುವುದು ಜಾಸ್ತಿ, ಬಿರುಕೂ ಜಾಸ್ತಿ. ಕಲಸಿದ್ದನ್ನು ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಟ್ಟು, ಮತ್ತೊಮ್ಮೆ ನಾದಿ. ಪುಡಿಯೆಲ್ಲ ಸಮವಾಗಿ ನೀರು ಕುಡಿದಿರುತ್ತದೆ.

ಆಕಾರಕ್ಕೆ ಔಷಧಿ ಅಂಗಡಿಯ 2 ಮಿಲೀ ಸಿರಿಂಜ್ ಒಳ್ಳೆಯದು. ಸೂಜಿ ಬೇಡ, ಮೂತಿಯ ಕಡೆ ಕತ್ತರಿಸಿ. ಹಿಟ್ಟು ಒತ್ತಿ ತುಂಬಿ, ನಿಧಾನ ತಳ್ಳಿ. ಒಳಗೆ ಗಾಳಿ ಸಿಕ್ಕರೆ ಅಲ್ಲಿ ಕಡ್ಡಿ ಮುರಿಯುತ್ತದೆ. ಕಿರುಬೆರಳಿಗಿಂತ ದಪ್ಪ ಮಾಡಬೇಡಿ, ಮಳೆಗಾಲದಲ್ಲಿ ಒಳಗೆ ಒಣಗುವುದೇ ಇಲ್ಲ. ಒಂದು ಇಂಚು ಉದ್ದ ಸಾಕು, ಒಂದು ಪೂಜೆಗೆ ಅಷ್ಟೇ ಬೇಕು.

ಒಣಗಿಸಲು ಅಡಿಕೆ ಹಾಳೆ ಅಥವಾ ಬಿದಿರಿನ ತಟ್ಟೆ ಒಳ್ಳೆಯದು, ಪ್ಲಾಸ್ಟಿಕ್ ಹಾಳೆ ಬೇಡ. ಮೊದಲ ಎರಡು ದಿನ ನೆರಳಿನಲ್ಲಿ, ದಿನಕ್ಕೆ ಎರಡು ಸಲ ಉರುಳಿಸಿ. ನೇರ ಬಿಸಿಲಿಗೆ ಇಟ್ಟರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನ ನೀರು ಹೊರಬರಲಾಗದೆ ಸೀಳುತ್ತದೆ. ನಿಮ್ಮ ಬಿರುಕಿಗೆ ಇದೂ ಕಾರಣ ಇರಬಹುದು. ಮೂರನೇ ದಿನದಿಂದ ಎಳೆ ಬಿಸಿಲು ಆಗುತ್ತದೆ. ಮಳೆಗಾಲದಲ್ಲಾದರೆ ಬಚ್ಚಲೊಲೆಯ ಮೇಲಿನ ಅಟ್ಟ. ಅಡಿಕೆ, ಬಟ್ಟೆ, ಕೊಬ್ಬರಿ ಎಲ್ಲ ಒಣಗುವ ಜಾಗದಲ್ಲಿ ಧೂಪವೂ ಒಣಗುತ್ತದೆ. ಮುರಿದಾಗ ‘ಟಕ್’ ಅಂತ ಶಬ್ದ ಬರಬೇಕು, ಬಗ್ಗಿದರೆ ಇನ್ನೂ ಹಸಿ. ಪೂರ್ತಿ ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬಟ್ಟೆಯಲ್ಲಿ ಕಟ್ಟಿದ ಒಂದು ಇದ್ದಿಲ ತುಂಡಿನ ಜೊತೆ ಇಡಿ. ಎರಡು ಮೂರು ವಾರ ಕಳೆದ ಮೇಲೆ ಪರಿಮಳ ಒಂದಕ್ಕೊಂದು ಹೊಂದಿಕೊಂಡು ಮೆತ್ತಗಾಗುತ್ತದೆ.

ಅತ್ತೆಯವರ ಕೆಮ್ಮಿನ ಬಗ್ಗೆ ನೇರವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ್ದು, ನೈಸರ್ಗಿಕ ಅಂದ ಮಾತ್ರಕ್ಕೆ ಹೊಗೆ ಹೊಗೆಯಲ್ಲದೇ ಹೋಗುವುದಿಲ್ಲ. ಸಗಣಿ ಸುಟ್ಟರೂ ಪುಪ್ಪುಸಕ್ಕೆ ಇಳಿಯುವ ಸಣ್ಣ ಕಣ ಬರುತ್ತದೆ. ಆ ಕಣಗಳು ಗಾಳಿಯಲ್ಲಿ ಘನ ಮೀಟರಿಗೆ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕಿಟಕಿ ಇಲ್ಲದ ದೇವರ ಕೋಣೆಯಲ್ಲಿ ಯಾವ ಕಡ್ಡಿ ಹಚ್ಚಿದರೂ ಆ ಹೊತ್ತಿಗೆ ಅದನ್ನು ಮೀರುವುದು ಕಷ್ಟವೇನಲ್ಲ. ಬಾಗಿಲು, ಕಿಟಕಿ ತೆಗೆದಿಡಿ. ಪೂಜೆಯ ಹೊತ್ತಿಗೆ ಒಂದು ತುಂಡು ಹಚ್ಚಿ, ಧೂಪ ತೋರಿಸಿ, ಜಗುಲಿಗೆ ತಂದು ಮರಳಿನ ಬಟ್ಟಲಲ್ಲಿಡಿ. ಕೆಂಡದ ಧೂಪಾರತಿಯನ್ನು ಮುಚ್ಚಿದ ಕೋಣೆಯಲ್ಲಿ ಬಿಟ್ಟು ಮಲಗಬೇಡಿ, ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅವರಿಗೆ ಉಬ್ಬಸ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನೂ ಹಚ್ಚಬೇಡಿ. ಅಂಥ ಮನೆಯಲ್ಲಿ ಹೂವು, ಗಂಧ, ದೀಪದಿಂದಲೇ ಪೂಜೆ ಪೂರ್ತಿಯಾಗುತ್ತದೆ, ದೇವರಿಗೆ ಕೊರತೆಯಾಗುವುದಿಲ್ಲ.

ಸುಡಲೇಬಾರದವು ಕೆಲವು ಇವೆ, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ದೇವರ ಮೇಲಿನ ಒಣ ಹೂವು ಹಾಕಿದ್ದೆ ಅಂದಿರಿ. ಅದರಲ್ಲಿ ಕಣಗಿಲೆ ಇತ್ತೇ? ಕೆಂಪು, ಬಿಳಿ, ಹಳದಿ ಯಾವ ಕಣಗಿಲೆಯೂ ವಿಷ, ಹೊಗೆಯೂ ಒಳ್ಳೆಯದಲ್ಲ. ಆರಿಸಿ ತೆಗೆಯಿರಿ. ಎಕ್ಕ, ದತ್ತೂರವೂ ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದರ ಹೊಗೆ ಕಣ್ಣು, ಗಂಟಲು ಎರಡಕ್ಕೂ ಕೆಟ್ಟದ್ದು. ಸಾಮಿಲ್ಲಿನ ಹೊಟ್ಟು ತರುವುದಾದರೆ ಯಾವ ಮರದ್ದು ಅಂತ ಕೇಳಿ. ಹೊಲಗೇರಿನಂಥ ಸೊನೆಯ ಮರದ್ದಾಗಲಿ, ಅಂಟು ಸೇರಿದ ಪ್ಲೈವುಡ್ಡಿನದ್ದಾಗಲಿ ಬೇಡ. ಸಂಜೆ ಸೊಳ್ಳೆಗೆ ಅಂತ ಬೇಕಾದರೆ ಒಣಗಿದ ಲಕ್ಕಿ ಸೊಪ್ಪನ್ನು ಕೊಟ್ಟಿಗೆಯಲ್ಲಿ, ಅಂಗಳದಲ್ಲಿ ಹೊಗೆ ಹಾಕಿ, ಮನೆಯೊಳಗೆ ಬೇಡ.

ಬಿದಿರಿನ ಪ್ರಶ್ನೆ ಉಳಿಯಿತು. ಚಟ್ಟಕ್ಕೆ ಬಿದಿರು ಬಳಸುವುದರಿಂದ ದೇವರ ಮುಂದೆ ಸುಡಬಾರದು ಅನ್ನುವ ನಂಬಿಕೆ ಎಷ್ಟೋ ಮನೆಗಳಲ್ಲಿದೆ, ಇಲ್ಲದ ಮನೆಗಳೂ ಇವೆ. ನಿಮ್ಮ ಮನೆಯ ಹಿರಿಯರು ಹೇಗೆ ನಡೆಸಿಕೊಂಡು ಬಂದಿದ್ದಾರೋ ಹಾಗೇ ಮಾಡಿ. ಬಿದಿರಿನಲ್ಲಿ ಸೀಸ ಇರುತ್ತದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನು ಮಾತ್ರ ನಂಬಬೇಡಿ. ನನ್ನ ಮಟ್ಟಿಗೆ ಬಿದಿರು ಬೇಡ ಅನ್ನಲು ಬೇರೆ ಕಾರಣ ಇದೆ. ಅದು ಪರಿಮಳ ಕೊಡುವುದಿಲ್ಲ, ಹೊಗೆ ಮಾತ್ರ ಕೊಡುತ್ತದೆ.

ಚೌತಿಗೆ ಹೀಗೆ ಮಾಡಿ. ಈ ಮಳೆಯಲ್ಲಿ ಕಡ್ಡಿ ಒಣಗಿಸಲು ಒದ್ದಾಡುವ ಬದಲು ಧೂಪದ ಪುಡಿ ಮಾಡಿಟ್ಟುಕೊಳ್ಳಿ. ಕೊನ್ನಾರಿ ಗಡ್ಡೆ, ಲಾವಂಚ, ತುಳಸಿ ಕಡ್ಡಿಯ ತರಿ ಪುಡಿ ಒಂದು ಪಾಲು, ರಾಳ ಒಂದು ಪಾಲು. ಇಲ್ಲಿ ಸಮಪಾಲು ತಪ್ಪಲ್ಲ, ನಿಮ್ಮ ಮೊದಲಿನ ಆಸೆ ಇಲ್ಲಿ ನೆರವೇರುತ್ತದೆ. ಮಂಗಳಾರತಿಗೆ ಮುಂಚೆ ಗರಟೆಯ ಕೆಂಡಕ್ಕೆ ಒಂದು ಚಿಟಿಕೆ ಹಾಕಿದರೆ ಸಾಕು. ಕಡ್ಡಿಯ ಕೆಲಸವನ್ನು ಮುಂದಿನ ಮಾರ್ಚಿಗೆ ಇಟ್ಟುಕೊಳ್ಳಿ. ಆಗ ಸುರಗಿಯೂ ಇರುತ್ತದೆ, ಒಣ ಗಾಳಿಯೂ ಇರುತ್ತದೆ, ಅಂಗಳವೂ ಖಾಲಿ ಇರುತ್ತದೆ. ವರ್ಷಕ್ಕಾಗುವಷ್ಟು ಒಂದೇ ವಾರದಲ್ಲಿ ಮಾಡಿ ಡಬ್ಬಿಗೆ ತುಂಬಬಹುದು.

ಈಗ ಇರುವ ಕಡ್ಡಿಗಳಲ್ಲಿ ಬೂಷ್ಟು ಹಿಡಿದವನ್ನು ಗೊಬ್ಬರದ ಗುಂಡಿಗೆ ಹಾಕಿ. ಸುಟ್ಟರೆ ಅದರ ಹೊಗೆ ಅತ್ತೆಯವರಿಗೆ ಇನ್ನೂ ಕೆಟ್ಟದ್ದು. ಬಿರುಕು ಬಿಟ್ಟವು, ಅರ್ಧಕ್ಕೆ ಆರಿದವು ಚೆನ್ನಾಗಿದ್ದರೂ ಮಲ್ಲಿಗೆ ಎಣ್ಣೆ ಸೇರಿದೆ, ಹಾಗಾಗಿ ಮನೆಯೊಳಗೆ ಬೇಡ. ಕುಟ್ಟಿ, ಮೂರು ಪಾಲು ಹೊಸ ಸಗಣಿ ಪುಡಿ ಸೇರಿಸಿ, ಮತ್ತೆ ಹೊಸೆದು ಒಣಗಿಸಿ. ಕಣಗಿಲೆ ಸೇರಿಲ್ಲ ಅಂತ ಖಾತ್ರಿ ಇದ್ದರೆ ಅವನ್ನು ತುಳಸಿಕಟ್ಟೆಯ ಹತ್ತಿರ, ಬಯಲಲ್ಲಿ ಹಚ್ಚಿ. ಖಾತ್ರಿ ಇಲ್ಲದಿದ್ದರೆ ಅವೂ ಗೊಬ್ಬರದ ಗುಂಡಿಗೇ ಹೋಗಲಿ.